ಎರಡಿದ್ದದ್ದು ಒಂದಾದ ಗುಟ್ಟು

ಸ್ವಲ್ಪ ಹತ್ತಿರ ಬನ್ನಿ, ಗಟ್ಟಿಯಾಗಿ ಹೇಳುವ ಮಾತಲ್ಲ. ನನ್ನಾಣೆ, ಯಾರ ಕಿವಿಗೂ ಹಾಕಬಾರದು. ನಮ್ಮ ಚಾಮರಾಜಪೇಟೆಯ ಅಡ್ಡರಸ್ತೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಬೇಡ ಬೇಡ ಅಂದರೂ ನನ್ನ ಕಿವಿಗೇ ಬಂದು ಬೀಳುತ್ತವೆ, ನಾನೇನು ಮಾಡಲಿ?

೧. ಪಕ್ಕದ ತಾರಸಿ

ಪಕ್ಕದ ಮನೆಯಾಕೆಗೆ ಒಬ್ಬಳೇ ಮಗಳು. ಕಾಲೇಜು ಮುಗಿದ ಮೇಲೂ ಇನ್ನೂ ಅದೇನೋ ಓದುತ್ತಾಳೆ. ನನ್ನ ತಮ್ಮನ ಮೊಮ್ಮಗನಿಗೆ ಈ ಸಂಬಂಧ ಹೇಳಿದ್ದೇ ನಾನು. ಜಾತಕ ಕೂಡಿತ್ತು, ಭಾನುವಾರ ಹೆಣ್ಣು ನೋಡಲು ಬರುವುದಿತ್ತು.

ಮಂಗಳವಾರ ಸಂಡಿಗೆ ಒಣಹಾಕಲು ತಾರಸಿಗೆ ಹೋದೆ. ಗೋಡೆಯಾಚೆ ಹುಡುಗಿ ಫೋನಿನಲ್ಲಿ ಹೇಳುತ್ತಿದ್ದಾಳೆ: “ಮೊದಲು ಎರಡಿತ್ತು ಸರ್. ಒಂದು ಬೆಳೀಲಿಲ್ಲ, ಅಲ್ಲೇ ನಿಂತೋಯ್ತು. ಈಗ ಓವರಿ ಒಂದೇ. ಗಂಡಾ? ಇಲ್ಲ ಸರ್, ಬರೀ ಹೆಣ್ಣು. ಬೆಳಗ್ಗೆ ಕತ್ತರಿಸಿ ನೋಡ್ದೆ.”

ಓವರಿ ಅಂದರೇನು ಅಂತ ನನಗೆ ಗೊತ್ತು. ಸೊಸೆಯ ಸ್ಕ್ಯಾನಿಂಗಿಗೆ ಜೊತೆಗೆ ಹೋಗಿ ಕೂತವಳು ನಾನೇ. ಮದುವೆಯಾಗದ ಹುಡುಗಿ! ಅವಳಿ! ಒಂದು ಹೋಗಿದೆ, ಉಳಿದದ್ದು ಹೆಣ್ಣು! ಅದೆಲ್ಲ ಸರಿ, ಬೆಳಗ್ಗೆ ಕತ್ತರಿಸಿಕೊಂಡವಳು ಮಧ್ಯಾಹ್ನ ತಾರಸಿ ಹೇಗೆ ಹತ್ತಿದಳು ಅನ್ನುವುದು ಮಾತ್ರ ನನ್ನ ತಲೆಗೆ ಹತ್ತಲಿಲ್ಲ.

೨. ಸೊಪ್ಪಿನ ಗಾಡಿ

ಮಾರನೇ ದಿನ ಸೊಪ್ಪಿನ ಗಾಡಿ ಹತ್ತಿರ ಅವಳ ತಾಯಿ ಸಿಕ್ಕಿದಳು. ಮೆಲ್ಲಗೆ ಕೆದಕಿದೆ.

“ಮಗಳಿಗೆ ಊಟ ಸೇರ್ತಿದೆಯಾ?”

“ಎಲ್ಲಿ ಸೇರುತ್ತೆ ದೊಡ್ಡಮ್ಮ? ಯಾವಾಗ್ಲೂ ಅದೇ ಚಿಂತೆ. ಆಷಾಢದೊಳಗೆ ಕೈಗೆ ಬಂದ್ರೆ ಸಾಕಾಗಿದೆ.”

“ನಿಮ್ಮ ಯಜಮಾನರಿಗೆ ಗೊತ್ತಾ?”

“ಅವರಿಗೇ ಜಾಸ್ತಿ ಖುಷಿ. ಆಫೀಸಲ್ಲೆಲ್ಲ ಹೇಳ್ಕೊಂಡು ಓಡಾಡ್ತಿದಾರೆ.”

ಕೈಯಲ್ಲಿದ್ದ ದಂಟಿನ ಸೊಪ್ಪು ಗಾಡಿಗೇ ಹಾಕಿ ಹತ್ತಿರ ಸರಿದೆ. “ಇದಕ್ಕೆಲ್ಲ ಯಾರಮ್ಮ ಕಾರಣ?”

“ಎಲ್ಲ ಅವಳ ಗೈಡು. ಮೊಮ್ಮಕ್ಕಳಿದಾರೆ, ಆದ್ರೂ ಏನು ಉತ್ಸಾಹ ಅಂತೀರಾ!”

ಗೈಡು! ಅರಮನೆಯಲ್ಲಿ ಛತ್ರಿ ಎತ್ತಿ ಹಿಡಿದು ಮುಂದೆ ಮುಂದೆ ಹೋಗುತ್ತಾನಲ್ಲ, ಅವನು! ಹುಡುಗಿ ದಸರೆಗೆ ಮೈಸೂರಿಗೆ ಹೋಗಿದ್ದಳು. ದಸರೆಯಿಂದ ಆಷಾಢಕ್ಕೆ ಬೆರಳು ಮಡಚಿದೆ. ಸರಿಯಾಗಿ ಒಂಬತ್ತು.

೩. ಭಜನೆ

ನಾನು ಯಾರಿಗೂ ಹೇಳಲಿಲ್ಲ. ತಮ್ಮನಿಗೆ ಮಾತ್ರ ಫೋನ್ ಮಾಡಿ “ಭಾನುವಾರ ಬರಬೇಡಿ” ಅಂದೆ. ಯಾಕೆ ಅಂತ ಕೇಳಿದ, ಹೇಳಲೇಬೇಕಾಯಿತು. ಆಮೇಲೆ ಭಜನೆಯಲ್ಲಿ ಪಕ್ಕ ಕೂತಿದ್ದವಳಿಗೆ. ಅವಳೊಬ್ಬಳಿಗೇ.

ಮಂಗಳಾರತಿ ಆಗುವಷ್ಟರಲ್ಲಿ ಆಚೆ ತುದಿಯವಳು ಎದ್ದು ಬಂದು ನನ್ನ ಕಿವಿಯಲ್ಲೇ ಉಸುರಿದಳು: “ಯಾರಿಗೂ ಹೇಳ್ಬೇಡಿ, ನಿಮ್ಮ ಪಕ್ಕದ ಮನೆ ಹುಡುಗಿಗೆ ತ್ರಿವಳಿಯಂತೆ!”

ಆ ಮೂರನೆಯದು ನನ್ನದಲ್ಲ. ನಾನು ಹೇಳಿದ್ದು ಎರಡೇ.

೪. ಭೂತಗನ್ನಡಿ

ಶನಿವಾರ ತಾಯಿ ಮಗಳು ಇಬ್ಬರೂ ನಮ್ಮ ಮನೆಗೆ ಬಂದರು. ಹುಡುಗಿಯ ಕೈಯಲ್ಲಿ ಹಿಪ್ಪುನೇರಳೆಯ ಕಡ್ಡಿ, ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಾರಲ್ಲ, ಆ ಗಿಡದ್ದು. “ಅಜ್ಜಿ, ನಾನು ಓದ್ತಿರೋದು ಇದರ ಹೂವು. ಗೈಡು ಅಂದ್ರೆ ನಮ್ಮ ಮೇಷ್ಟ್ರು, ಆಷಾಢದೊಳಗೆ ಕೈಗೆ ಬರ್ಬೇಕಾಗಿರೋದು ಡಾಕ್ಟರೇಟು. ನೋಡಿ” ಅಂತ ಭೂತಗನ್ನಡಿ ಕೊಟ್ಟಳು. ನೋಡಿದೆ. ನನ್ನ ಹೆಬ್ಬೆರಳು ಕಂಡಿತು.

“ಇದು ಬರೀ ಹೆಣ್ಣು ಹೂವು. ಮೊಗ್ಗಲ್ಲಿ ಎರಡು ಭಾಗ ಏಳುತ್ತೆ. ಒಂದು ಅರ್ಧಕ್ಕೇ ನಿಲ್ಲುತ್ತೆ, ಇನ್ನೊಂದು ಬೆಳೆದು ಓವರಿ ಆಗುತ್ತೆ, ಅಂದ್ರೆ ಹೂವಿನ ಹೊಟ್ಟೆ. ನಿಂತೋದದ್ದರ ತುದಿ ಮಾತ್ರ ಹಾಗೇ ಇರುತ್ತೆ. ಅದಕ್ಕೇ ಹೊಟ್ಟೆ ಒಂದು, ಮೇಲೆ ನಾಲಿಗೆ ಥರ ಎರಡು ಎಳೆ.”

ಹೂವಿಗೆ ಹೊಟ್ಟೆ, ಹೊಟ್ಟೆಯ ಮೇಲೆ ನಾಲಿಗೆ! ನಿಮಗೇನಾದರೂ ಅರ್ಥವಾಯಿತಾ? ನನಗಿನ್ನೂ ಆಗಿಲ್ಲ. “ಹಾಗಾದ್ರೆ... ಸಂಬಂಧ?” ಅಂದೆ.

“ಎರಡು ದಿನ ಅತ್ತಿದಾಳೆ ಮಗು” ಅಂದಳು ತಾಯಿ. “ನೆನ್ನೆ ಆ ಹುಡುಗನೇ ಫೋನ್ ಮಾಡಿ ನಿಜ ಏನು ಅಂತ ಇವಳನ್ನೇ ಕೇಳಿದ. ಕೇಳಿ ಅರ್ಧ ಗಂಟೆ ನಕ್ಕನಂತೆ. ನಾಳೆ ಎಲ್ಲರೂ ಬರ್ತಿದಾರೆ, ಊಟಾನೂ ನಮ್ಮನೇಲೇ.”

ತಾಯಿ ಬಾಗಿಲವರೆಗೆ ಹೋದವಳು ತಿರುಗಿ ನಿಂತು, ನನ್ನ ಮುಖಕ್ಕೇ ಹೇಳಿದಳು:

“ನೀವೂ ಬನ್ನಿ ದೊಡ್ಡಮ್ಮ. ನಾಲಿಗೆ ಎರಡಿದ್ರೂ ಹೊಟ್ಟೆ ಒಂದೇ ಅಲ್ವಾ, ಒಂದೇ ಎಲೆ ಹಾಕಿಸ್ತೀನಿ.”