ಚಿಕ್ಕಪ್ಪನ ಟೈಲ್ಸೂ ನಮ್ಮ ತಲೆಗಳೂ

ನಮ್ಮ ಚಿಕ್ಕಪ್ಪನ ಕೈಗೆ ಸುತ್ತಿಗೆ ಬಂತೆಂದರೆ ಮನೆಯವರೆಲ್ಲ ಮೊದಲು ನೋಡುವುದು ಬಾಗಿಲು ಯಾವ ಕಡೆಗಿದೆ ಎಂದು! ನಗಬೇಡಿ. ಒಮ್ಮೆ ಅವನು ಬಚ್ಚಲಿನ ನಲ್ಲಿ ರಿಪೇರಿ ಮಾಡಿದ ಮೇಲೆ ದೇವರ ಮನೆಯ ಸ್ವಿಚ್ಚು ಮುಟ್ಟಿದರೆ ಕೈ ಜುಮ್ಮೆನ್ನತೊಡಗಿತು. ನಲ್ಲಿಗೂ ಸ್ವಿಚ್ಚಿಗೂ ಏನು ಸಂಬಂಧ? ಅವನೊಬ್ಬನೇ ಬಲ್ಲ.

ಖಾಸಗಿ ಬಸ್ಸಿನ ಕಂಡಕ್ಟರಾಗಿ ಮಾಗಡಿ, ರಾಮನಗರ, ಕನಕಪುರ ಎಂದು ಓಡಾಡಿಯೇ ಆಯುಷ್ಯ ಸವೆಸಿದವನು ಅವನು. ಬಸ್ಸು ಬಿಟ್ಟರೂ ಕಂಡಕ್ಟರಿಕೆ ಅವನನ್ನು ಬಿಡಲಿಲ್ಲ. ಊಟಕ್ಕೆ ಕೂತವರಿಗೆ "ಒಸಿ ಒಳೀಕ್ ಸರ್ಕೊಳ್ರಿ, ಅಲ್ಲಿ ಜಾಗ ಐತೆ" ಎನ್ನುತ್ತಾನೆ. ಬಚ್ಚಲಲ್ಲಿ ತಡಮಾಡಿದಿರೋ, ಹೊರಗೆ ನಿಂತು ವಿಷಲ್ ಊದುತ್ತಾನೆ!

ಚನ್ನಪಟ್ಟಣದಲ್ಲಿ ನಮ್ಮದು ಹಳೆಯ ಮನೆ. ಕೆಳಗೆ ಅಪ್ಪ, ಅಮ್ಮ, ನಾನು. ಮೇಲೆ ಚಿಕ್ಕಪ್ಪ, ಚಿಕ್ಕಮ್ಮ. ನಮ್ಮ ತಲೆಗೂ ಅವರ ಕಾಲಿಗೂ ನಡುವೆ ಮರದ ತೊಲೆಗಳು, ಅವುಗಳ ಮೇಲೆ ಹಾಸಿದ ಹಲಗೆಗಳು, ಅಷ್ಟೇ. ಚಿಕ್ಕಮ್ಮ ಮೇಲಿನ ಕಿಟಕಿಯ ಪಕ್ಕ ಕೂತು ಹೊಲಿಗೆ ಮಷೀನು ತುಳಿದರೆ ಕೆಳಗೆ ನಮ್ಮ ಸಾರಿಗೆ ಧೂಳು ಉದುರುತ್ತಿತ್ತು. ಅದಕ್ಕೆ ಒಗ್ಗಿಹೋಗಿದ್ದೆವು.

ಒಂದು ಬೆಳಿಗ್ಗೆ ಗೂಡ್ಸ್ ಆಟೊ ಬಂದು ಮನೆ ಮುಂದೆ ನಿಂತಿತು. ತುಂಬ ಟೈಲ್ಸ್ ಪೆಟ್ಟಿಗೆಗಳು!

"ಇದ್ಯಾಕ್ಲಾ?" ಎಂದರು ಅಪ್ಪ.

"ಮ್ಯಾಲಿನ ರೂಮಿಗೆ ಕಣಣ್ಣ. ಹಲಗೆ ಮ್ಯಾಲೆ ಹಾಕ್ಬುಡ್ತೀನಿ."

"ಹಲಗೆ ಮ್ಯಾಲಾ? ಅದು ಭಾರ ತಡೀತದೇನ್ಲಾ?"

"ಬಸ್ಸಿನ ಟಾಪು ತಡೀತಿರ್ಲಿಲ್ವಾ?"

"ಬಸ್ಸಿನ ಟಾಪಿಗೆ ಯಾರ್ಲಾ ಟೈಲ್ಸ್ ಹಾಕ್ತಾರೆ?"

ಅಪ್ಪನ ಪ್ರಶ್ನೆ ನ್ಯಾಯವಾಗಿಯೇ ಇತ್ತು. ಆದರೆ ಅಷ್ಟರಲ್ಲಿ ಪೆಟ್ಟಿಗೆಗಳು ಮೆಟ್ಟಿಲು ಹತ್ತಿಯಾಗಿತ್ತು. ಅಷ್ಟನ್ನೂ ಕೋಣೆಯ ನಟ್ಟನಡುವೆ ಪೇರಿಸಿಟ್ಟ. ಅದರ ನೇರ ಕೆಳಗೆ ಇದ್ದದ್ದು ಏನು? ನನ್ನ ಮಂಚ!

ಅಂದಿನಿಂದ ನಮ್ಮ ಬಾಳು ಹಲ್ಲಿಗಳ ಬಾಳಾಯಿತು. ನಡುಮನೆಯ ಮಧ್ಯದಲ್ಲಿ ಯಾರೂ ನಡೆಯುತ್ತಿರಲಿಲ್ಲ. ಗೋಡೆಗೆ ಬೆನ್ನೊತ್ತಿಕೊಂಡೇ ನಮ್ಮ ಸಂಚಾರ. ಮುದ್ದೆ ತಿರುವುವಾಗ ಅಮ್ಮನ ಒಂದು ಕಣ್ಣು ಪಾತ್ರೆಯ ಮೇಲೆ, ಇನ್ನೊಂದು ತೊಲೆಯ ಮೇಲೆ. ನಾನು ಮಂಚವನ್ನು ಬಾಗಿಲಿಗೆ ಎಳೆದುಕೊಂಡೆ. ತಲೆ ಜಗಲಿಯಲ್ಲಿ, ಕಾಲು ಮಾತ್ರ ಮನೆಯೊಳಗೆ. ಬಿದ್ದರೆ ಕಾಲಷ್ಟೇ ಹೋಗಲಿ ಎಂದು!

ಚಿಕ್ಕಪ್ಪ ಮೊದಲ ಸಲ ಸಿಮೆಂಟು ಮರಳು ಕಲಸಿ ನೇರ ಹಲಗೆಯ ಮೇಲೆಯೇ ಸುರಿದು ಟೈಲ್ಸ್ ಕೂರಿಸಿದ. ಒಣಮರ ಬಿಡುತ್ತದೆಯೇ? ಸಿಮೆಂಟಿನ ನೀರನ್ನೆಲ್ಲ ಕುಡಿದು ಉಬ್ಬಿತು. ಕೆಲವು ದಿನ ಕಳೆದು ನಾವು ಊಟಕ್ಕೆ ಕೂತಿದ್ದಾಗ ಮೇಲಿಂದ 'ಟಪ್' ಎಂದಿತು. ಹಿಂದೆಯೇ 'ಟಪ್, ಟಪ್!' ಅಮ್ಮ ಸೌಟು ಹಿಡಿದುಕೊಂಡೇ ಬೀದಿಗೆ ಓಡಿದರು. ಅಪ್ಪ ತಟ್ಟೆಯನ್ನು ತಲೆಯ ಮೇಲೆ ಕವುಚಿಕೊಂಡರು, ಸಾರಿನ ಸಮೇತ. ಚಿಕ್ಕಪ್ಪ ಮೆಟ್ಟಿಲಿನಿಂದ ಬಗ್ಗಿ ನೋಡಿ, "ಏನೂ ಆಗಿಲ್ಲ, ಟೈಲ್ಸ್ ಒಸಿ ಎದ್ದವೆ ಅಷ್ಟೇಯ" ಎಂದ.

"ಅವು ಎದ್ಮೇಲೆ ನಾವು ಮನಿಕ್ಕಳದು ಹೆಂಗ್ಲಾ?" ಎಂದರು ಅಪ್ಪ, ಕಿವಿಯಿಂದ ಹುಣಸೆ ಹುಳಿ ಒರೆಸಿಕೊಳ್ಳುತ್ತ.

ಚಿಕ್ಕಪ್ಪ ರಾಮನಗರದ ಟೈಲ್ಸ್ ಅಂಗಡಿಗೆ ಹೋಗಿ ಜ್ಞಾನೋದಯ ಪಡೆದು ಬಂದ. ನಡೆದಾಗೆಲ್ಲ ಮರ ಬಾಗುತ್ತದೆ, ಟೈಲ್ಸಿಗೆ ಬಾಗಲು ಬರುವುದಿಲ್ಲ, ಆದ್ದರಿಂದ ಮೊದಲು ಮರ ಬಾಗುವುದನ್ನು ನಿಲ್ಲಿಸಬೇಕು. ಹಾಕಿದ್ದನ್ನೆಲ್ಲ ಕಿತ್ತ. ಅಲುಗುವ ಹಲಗೆಗಳಿಗೆ ಸ್ಕ್ರೂ ಬಿಗಿದ. ವೆಲ್ಡಿಂಗಿನವರನ್ನು ಕರೆಸಿ ತೊಲೆಗಳ ಅಡಿಗೆ ಅಡ್ಡಡ್ಡ ಕಬ್ಬಿಣ ಕೊಡಿಸಿದ. ಇಲ್ಲಿಗೆ ಸುಮ್ಮನಾಗಿದ್ದರೆ ಅವನು ಚಿಕ್ಕಪ್ಪ ಹೇಗಾಗುತ್ತಿದ್ದ? ಭಾರ ತಡೆಯುತ್ತದೋ ಇಲ್ಲವೋ ಪರೀಕ್ಷೆ ಆಗಬೇಕಲ್ಲ!

ಪಿತೃಪಕ್ಷದ ಎಡೆಗೆಂದು ತಿಪ್ಪಸಂದ್ರದಿಂದ, ಉಯ್ಯಂಬಳ್ಳಿಯಿಂದ ನೆಂಟರು ಬಂದಿಳಿದರು. ಕಾಲು ತೊಳೆಯುವುದಕ್ಕೂ ಬಿಡದೆ ಅಷ್ಟೂ ಜನರನ್ನು, ಅಪ್ಪನನ್ನೂ ಸೇರಿಸಿ, ಮಹಡಿಗೆ ಹತ್ತಿಸಿದ.

"ನಡೀರಿ, ನಡೀರಿ, ಹಿಂದೆ ಖಾಲಿ ಐತೆ! ಬಾಗ್ಲಲ್ಲಿ ನಿಂತ್ಕಬ್ಯಾಡಿ!"

ತುಂಬಿದ ಮೇಲೆ ತಾನು ಕೆಳಗಿಳಿದು, ತೊಲೆ ಬಾಗಿದರೆ ತಿಳಿಯಲೆಂದು ಅದರ ಕೆಳಗೆ ದಾರ ಬಿಗಿಯಾಗಿ ಎಳೆದುಕೊಂಡು ನಿಂತ. ಅವನ ಅಕ್ಕ, ಉಯ್ಯಂಬಳ್ಳಿಯ ನಮ್ಮ ಅತ್ತೆಗೆ ಆಗಲೇ ವಿಷಯ ಅರ್ಥವಾದದ್ದು. ಮೇಲಿಂದಲೇ ಕೂಗಿದರು: "ಲೇ, ಎಡೆ ಇಕ್ಕಾಕ್ ಬಂದೋರ್ಗೇ ಎಡೆ ಇಕ್ಕಂಗ್ ಮಾಡ್ತೀಯೇನ್ಲಾ!"

ಉತ್ತರವಾಗಿ ವಿಷಲ್ ಮೊಳಗಿತು. "ಎಲ್ಲಾರೂ ಒಂದ್ಸಲ ಎಗರ್ರಿ! ರೈಟ್!"

ಯಾರು ಎಗರಿದರೋ ದೇವರೇ ಬಲ್ಲ. 'ಲಟಕ್' ಎಂದು ಸದ್ದಾಯಿತು. ಇಡೀ ಬಳಗ ಒಬ್ಬರ ಮೇಲೊಬ್ಬರು ಬಿದ್ದು ಮೆಟ್ಟಿಲಿಳಿಯಿತು. ಅತ್ತೆ ನಿಲ್ಲಲೂ ಇಲ್ಲ, ನೇರ ಬಸ್‌ಸ್ಟ್ಯಾಂಡಿಗೇ ಹೊರಟುಬಿಟ್ಟರು. ಲಟಕ್ ಎಂದದ್ದು ತೊಲೆಯಲ್ಲ, ನಮ್ಮಪ್ಪನ ಮಂಡಿ ಎಂದು ಆಮೇಲೆ ತಿಳಿಯಿತು. ದಾರ ಅಲ್ಲಾಡಿಯೂ ಇರಲಿಲ್ಲ!

ಈ ಸಲ ಹಲಗೆಯ ಮೇಲೆ ಸಿಮೆಂಟ್ ಬೋರ್ಡು ಬಿಗಿದು, ಅದರ ಮೇಲೆ ಟೈಲ್ಸಿನ ಗಮ್ಮು ಹಚ್ಚಿ, ಗೋಡೆಯ ಸುತ್ತ ಮರ ಉಸಿರಾಡುವಷ್ಟು ಸಂದು ಬಿಟ್ಟು ಕೂರಿಸತೊಡಗಿದ. ಗಮ್ಮು ಕಲಸಿಕೊಡಲು ನನ್ನನ್ನು ಎಳೆದುಕೊಂಡ. ಕೆಳಗಿದ್ದಾಗ ತಲೆಯ ಮೇಲೆ ಬೀಳುವ ಭಯ, ಈಗ ನಾನೇ ಬೀಳುವ ಭಯ. ಅವನದೋ ಸಾಲಿಗೊಂದು ತಕರಾರು. ಪ್ರತಿ ಸೇರುವೆಯ ಮೇಲೂ ಅಂಗೈ ಸವರುತ್ತಿದ್ದ. ಅಂಚು ಕೂದಲೆಳೆಯಷ್ಟು ಎದ್ದಿದ್ದರೂ ಕಿತ್ತು ಮತ್ತೆ ಕೂರಿಸುತ್ತಿದ್ದ. ಕತ್ತರಿಸಿದ ಅಂಚುಗಳನ್ನು ಕಲ್ಲಿಗೆ ಉಜ್ಜಿ ಉಜ್ಜಿ, ಕೊನೆಗೆ ತನ್ನ ಕೆನ್ನೆಗೆ ತಾಗಿಸಿ ನೋಡುತ್ತಿದ್ದ!

ನನಗೆ ರೇಗಿತು. "ಚಿಕ್ಕಪ್ಪ, ಇದೇನು ಅರಮನೇನಾ? ಒಸಿ ಎದ್ದಿದ್ರೆ ಏನಾಯ್ತದೆ?"

ಅವನು ಮೆಟ್ಟಿಲ ಕಡೆ ತಿರುಗಿ ನೋಡಿದ. ಚಿಕ್ಕಮ್ಮ ಕೆಳಗೆ ಅಮ್ಮನ ಜೊತೆ ಮಾತಾಡುತ್ತಿದ್ದರು. ದನಿ ತಗ್ಗಿಸಿದ.

"ನಿಮ್ಮ ಚಿಕ್ಕಮ್ಮಂಗೆ ಸಕ್ಕರೆ ಕಾಯ್ಲೆ ಕಣ್ಲಾ. ಪಾದದಾಗೆ ಏನೂ ಗೊತ್ತಾಗಾಕಿಲ್ಲ. ಬೇಸಿಗೇಲಿ ಹಲಗೆ ಸಿಬಿರು ಹೊಕ್ಕಂಡದೆ, ರಕ್ತ ಹರೀತಾ ಐತೆ, ಇವ್ಳು ಹಾಡ್ ಹೇಳ್ಕಂಡು ಮಷೀನ್ ತುಳೀತಾವ್ಳೆ. ನಾನ್ ನೋಡಿದ್ಕೆ ಸರೋಯ್ತು. ಇನ್ನೊಂದ್ ಗಾಯ ಆದ್ರೆ ಕಾಲೇ ಉಳ್ಸಾಕಾಗಾಕಿಲ್ಲ ಅಂದವ್ರೆ ಡಾಕ್ಟ್ರು."

"ಕೆಳಗೆ ಬಂದು ಇರ್ಬೋದಲ್ಲ?"

"ಬೆಳಕು ಇಲ್ಲೇ ಚೆಂದಾಗೈತೆ ಅಂತಾಳೆ. ಯಾರ್ಗೂ ಹೇಳ್ಬ್ಯಾಡ ಅಂತ ಆಣೆ ಬ್ಯಾರೆ." ಟೈಲ್ಸ್ ಮೇಲಿನ ಗಮ್ಮು ಒರೆಸಿದ. "ಅದ್ಕೇ ಬಿಳೀದೇ ತಂದಿದ್ದು. ಒಂದ್ ತೊಟ್ಟು ಬಿದ್ರೂ ನಂಗೆ ಕಾಣ್ಬೇಕು. ನಿಮ್ಗೆಲ್ಲ ತೊಲೆ ಮುರೀತದೆ ಅಂತ ಭಯ. ನಂಗೆ, ಚುಚ್ಚಿದ್ರೂ ಅವ್ಳು 'ಅಮ್ಮಾ' ಅನ್ನಾಕಿಲ್ವಲ್ಲ ಅಂತ."

ನಾನೂ ಆ ಸೇರುವೆಯ ಮೇಲೆ ಅಂಗೈ ಸವರಿ ನೋಡಿದೆ. ಗಮ್ಮು ಕಲಸುತ್ತ ಕೂತೆ.

ಎಲ್ಲ ಒಣಗಿ ಗಟ್ಟಿಯಾದ ಮೇಲೆ ಚಿಕ್ಕಮ್ಮ ಮೇಲೆ ಬಂದರು. ಹೊಸ್ತಿಲು ದಾಟಿ ಬಿಳಿ ನೆಲದ ಮೇಲೆ ಬರಿಗಾಲಿಟ್ಟು ನಿಂತರು. ಸುತ್ತ ನೋಡಿದರು. ಆಮೇಲೆ ತಮ್ಮ ಪಾದಗಳನ್ನೇ ನೋಡಿಕೊಂಡು ಮೆಲ್ಲಗೆ ಕೇಳಿದರು: "ತಣ್ಣಗೈತೇನ್ರೀ?"

ಚಿಕ್ಕಪ್ಪ ಚಪ್ಪಲಿ ಬಿಟ್ಟು ಬಂದು ಅವರ ಪಕ್ಕದಲ್ಲಿ ನಿಂತುಕೊಂಡ.

"ಊ ಕಣೆ," ಎಂದ. "ಬೆಳಗ್ಗೆ ಹೊತ್ತು ಕೆರೆ ನೀರ್ಗೆ ಕಾಲಿಟ್ಟಂಗೈತೆ."