ಅತ್ತೆಗೆ ಐವತ್ತಾರು, ಸೊಸೆಗೆ ಎಂಬತ್ತೆರಡು

ಅಮ್ಮನ ಎರಡೂ ಕಿವಿ ಕಟ್ಟಿಕೊಂಡು ಇಪ್ಪತ್ತೊಂದು ದಿನವಾಗಿತ್ತು. ಸಾಂಕ್ರಾಮಿಕದ ಕಾಲ, ಆಸ್ಪತ್ರೆಯ ಕಿವಿ ವಿಭಾಗ ವೃದ್ಧರನ್ನು ನೋಡುತ್ತಿದ್ದುದು ತಿಂಗಳಿಗೆ ಒಂದೇ ದಿನ. ಅಷ್ಟರಲ್ಲಿ ಮಗ, ನಿವೃತ್ತ ಮೀಟರ್ ರೀಡರ್, ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದ. "ಮಾತ್ರೆ ತಗೊಂಡ್ಯೇನಮ್ಮಾ?" ಎಂದು ಅವನು ಕೇಳಿದರೆ, "ತಗೊಂಡ್ರು ಕಣ್ರೀ, ಎಂಟೂವರೆಗೇ" ಎಂದು ಎದುರು ಮನೆಯಾಕೆ ಉತ್ತರಿಸುತ್ತಿದ್ದಳು. ಆ ಸಿಟ್ಟನ್ನೆಲ್ಲ ಅವನು ಹೆಂಡತಿಯ ಬೆನ್ನ ಹಿಂದೆ ಗೊಣಗಿ ತೀರಿಸಿಕೊಳ್ಳುತ್ತಿದ್ದ. ಮೂವತ್ತು ವರ್ಷದ ಅಭ್ಯಾಸ. ಪುಣ್ಯಕ್ಕೆ ಒಂದು ದಿನವೂ ಅವಳ ಕಿವಿಗೆ ಬಿದ್ದಿರಲಿಲ್ಲ.

ಕೊನೆಗೂ ಆ ದಿನ ಬಂದಾಗ ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ತಡೆದ.

"ರೋಗಿಗೆ ಎಪ್ಪತ್ತೈದು ದಾಟಿರಬೇಕು. ಜೊತೆಗೆ ಒಬ್ಬರೇ, ಅದೂ ಅರವತ್ತರ ಒಳಗಿನವರು."

"ನನಗೆ ಅರವತ್ತೊಂದು. ಅದಕ್ಕೇ ಹೆಂಡತೀನ ಕರ್ಕೊಂಡು ಬಂದಿದೀನಿ."

ಕಾವಲುಗಾರ ಗುರುತಿನ ಚೀಟಿಗಳನ್ನು ನೋಡಿದ. ಮಾಸ್ಕು, ಅದರ ಮೇಲೊಂದು ಪ್ಲಾಸ್ಟಿಕ್ ಮುಖಕವಚ ತೊಟ್ಟಿದ್ದ ಇಬ್ಬರು ಹೆಂಗಸರನ್ನೂ ನೋಡಿದ. "ಸಾರ್, ನಿಮ್ಮ ಹೆಂಡತಿಗೆ ಎಂಬತ್ತೆರಡು. ನಿಮ್ಮ ಅಮ್ಮಂಗೆ ಐವತ್ತಾರು."

ಆರು ವರ್ಷದ ಹಿಂದೆ ಒಂದೇ ಕೌಂಟರಿನಲ್ಲಿ ಚೀಟಿ ಮಾಡಿಸಿದಾಗ ಅತ್ತೆ ಸೊಸೆಯರ ಹುಟ್ಟಿದ ವರ್ಷ ಅದಲುಬದಲಾಗಿತ್ತು. ತಿದ್ದಿಸೋಣ ಎಂದು ಮುಂದೂಡುತ್ತಲೇ ಬಂದಿದ್ದ.

"ಅಮ್ಮಂಗೆ ಐವತ್ತಾರಾದ್ರೆ ಅರವತ್ತೊಂದರ ನಾನು ಹೇಗ್ರೀ ಹುಟ್ಟಿದೆ?"

"ಅದು ನಿಮ್ಮ ಮನೆ ವಿಷಯ ಸಾರ್. ನಾನು ಚೀಟಿ ನೋಡೋನು."

"ನೀವು ಸುಮ್ನಿರಿ. ಒಳಗೆ ಹೋಗಿ ಡಾಕ್ಟರಿಗೇ ಹೇಳ್ತೀನಿ" ಎಂದಳು ಹೆಂಡತಿ.

ಅವಳ ಕೈಗೆ 'ರೋಗಿ' ಪಟ್ಟಿ ಕಟ್ಟಿ ಗಾಲಿಕುರ್ಚಿಯಲ್ಲಿ ಕೂರಿಸಿದರು. ಅಮ್ಮನ ಎದೆಗೆ 'ಸಹಾಯಕಿ' ಬಿಲ್ಲೆ ಬಿತ್ತು. ಏನೊಂದೂ ಕೇಳಿಸದ ಅಮ್ಮ, ಮಂಡಿನೋವಿಗೆ ಒಳ್ಳೆ ಆಸರೆ ಸಿಕ್ಕಿತೆಂದು ಕುರ್ಚಿಯ ಹಿಡಿ ಹಿಡಿದು, ಸೊಸೆಯನ್ನು ತಳ್ಳಿಕೊಂಡು ಮದುವಣಗಿತ್ತಿಯ ಹಾಗೆ ನಾಚುತ್ತ ಒಳಗೆ ನಡೆದಳು. ಮೀಟರ್ ರೀಡರ್ ದಾರಿ ತಪ್ಪಿದ ಪಾರ್ಸೆಲ್ಲಿನಂತೆ ಗೇಟಿನಾಚೆ ಉಳಿದ.

ಒಂದೂಕಾಲು ಗಂಟೆಯ ಮೇಲೆ ಇಬ್ಬರೂ ಹೊರಬಂದರು.

"ಏನಾಯ್ತು?"

"ಯಾಕ್ರೀ ಹಾಗೆ ಕಿರುಚ್ತೀರಿ? ಕಿವಿ ಸಿಡಿಯುತ್ತೆ" ಎಂದಳು ಹೆಂಡತಿ. "ರೋಗಿ ನಾನಲ್ಲ ಅಂದೆ. ವಯಸ್ಸಾದವರೆಲ್ಲ ಹೆದರಿ ಹೀಗೇ ಅಂತಾರೆ ಅಂದ್ರು ಡಾಕ್ಟರು. ಅತ್ತೇನ ಕೇಳಿದ್ರು. ಅವರು ಎಲ್ಲದಕ್ಕೂ ಹೂಂ ಅಂದ್ರು. ನನ್ನ ಎರಡೂ ಕಿವಿ ತೊಳೆದೇಬಿಟ್ರು. ವರ್ಷಗಟ್ಟಲೆಯ ಗುಗ್ಗೆ ಇತ್ತಂತೆ!"

"ಅಮ್ಮಂದು?"

"ಮುಂದಿನ ತಿಂಗಳು ಬನ್ನಿ ಅಂದ್ರು. ಎಪ್ಪತ್ತೈದು ದಾಟಿದ್ರೆ."

ಹೆಂಡತಿ ಮುಂದೆ ನಡೆದಳು. ಹತ್ತು ಹೆಜ್ಜೆ ಬಿಟ್ಟು, ಮುಖವನ್ನು ಕಾಂಪೌಂಡಿನ ಗೋಡೆಯ ಕಡೆ ತಿರುಗಿಸಿ, ಮೂವತ್ತು ವರ್ಷದ ಅದೇ ಸಣ್ಣ ದನಿಯಲ್ಲಿ ಅವನು ಗೊಣಗಿದ: "ಇವಳ ತಲೇಲಿ ಇರೋದೂ ಬರೀ ಗುಗ್ಗೆಯೇ."

ಹೆಂಡತಿ ಗಕ್ಕನೆ ನಿಂತಳು. ನಿಧಾನವಾಗಿ ತಿರುಗಿದಳು.

ಅಮ್ಮ ಮಾತ್ರ ಮಗನ ತುಟಿ ಆಡಿದ್ದನ್ನು ಕಂಡು, ಅಕ್ಕರೆಯಿಂದ ಅವನ ತೋಳು ಹಿಡಿದುಕೊಂಡಳು.

"ಏನಂದೆ ಮಗಾ? ಸ್ವಲ್ಪ ಗಟ್ಟಿಯಾಗಿ ಹೇಳು."