ಹುಣಸೆಹಣ್ಣಿಗೆ ಬಿದ್ದ ನಾಲ್ಕು ಬೆಳ್ಳಿ ರೂಪಾಯಿ

ಮಾನ್ಯ ಭೂತಗನ್ನಡಿಯವರ ದಿವ್ಯ ಸನ್ನಿಧಿಗೆ,

ಗುಬ್ಬಿಯಿಂದ ಶಕುಂತಲಮ್ಮ ಮಾಡುವ ಅನಂತ ನಮಸ್ಕಾರಗಳು. ಮಾನ್ಯರೇ, ತಾವು ಕ್ಷೇಮವೇ? ತಮ್ಮ ಹಿತ್ತಾಳೆಯ ಹಿಡಿ ಗಟ್ಟಿಯಾಗಿದೆಯೇ, ಪಕ್ಕದಲ್ಲಿ ಕೂರುವ ಎಲೆಕ್ಟ್ರಾನಿಕ್ ತಕ್ಕಡಿಯವರು ಹುಷಾರಾಗಿದ್ದಾರೆಯೇ, ತಮ್ಮ ಯಜಮಾನರಾದ ನಾಣ್ಯದ ವ್ಯಾಪಾರಿ ಅಂಜನಮೂರ್ತಿಯವರಿಗೆ ದಿನವಿಡೀ ಬಗ್ಗಿ ನೋಡಿ ಹಿಡಿದುಕೊಂಡಿದ್ದ ಕುತ್ತಿಗೆ ಈಗಲಾದರೂ ಬಿಟ್ಟಿದೆಯೇ? ಇಲ್ಲಿ ನಾನು, ಎಪ್ಪತ್ತಾರು ವರ್ಷದ ಎರಡು ಮಂಡಿಗಳನ್ನು ಬಿಟ್ಟರೆ, ಚೆನ್ನಾಗಿದ್ದೇನೆ. ಮೊಮ್ಮಗಳು ನಂದಿತಾ ಅಂತರಸನಹಳ್ಳಿಯ ಫ್ಯಾಕ್ಟರಿಗೆ ಸ್ಕೂಟರಿನಲ್ಲಿ ಹೋಗಿ ಬರುತ್ತಾ ಆರಾಮಾಗಿದ್ದಾಳೆ. ಕುಣಿಗಲ್‌ನಲ್ಲಿರುವ ನನ್ನ ತಂಗಿ ರೇವಮ್ಮನಿಗೆ ಎರಡು ಕಿವಿಯೂ ಕೇಳಿಸುವುದಿಲ್ಲ ಎನ್ನುವುದೊಂದು ಬಿಟ್ಟರೆ ಆಕೆಯೂ ಗಟ್ಟಿಮುಟ್ಟಾಗಿದ್ದಾಳೆ. ನಾನು ದಿನಸಿ ಅಂಗಡಿಯ ಪೊಟ್ಟಣದ ಕಾಗದ ಓದಿ ಅಕ್ಷರ ಕಲಿತವಳಾದ್ದರಿಂದ ಈ ಪತ್ರದಲ್ಲಿ ತಪ್ಪಿದ್ದರೆ ತಾವು ಅದನ್ನು ದೊಡ್ಡದು ಮಾಡಿ ನೋಡಬಾರದಾಗಿ ಬೇಡಿಕೊಳ್ಳುತ್ತೇನೆ. ಅದು ತಮ್ಮ ಕಸುಬೇ ಆದ್ದರಿಂದ ಕಷ್ಟವೆಂದೂ ಬಲ್ಲೆ.

ತಮಗೆ ನನ್ನ ನೆನಪಿರಲಿಕ್ಕಿಲ್ಲ. ಕಳೆದ ತಿಂಗಳು ತುಮಕೂರಿನ ಕಲ್ಯಾಣ ಮಂಟಪವೊಂದರಲ್ಲಿ ಹಳೆಯ ನಾಣ್ಯಗಳ ಪ್ರದರ್ಶನ ನಡೆದಾಗ, ಹತ್ತು ಬೆಳ್ಳಿ ರೂಪಾಯಿಗಳನ್ನು ಹಿಡಿದುಕೊಂಡು ತಮ್ಮ ಮೇಜಿನ ಮುಂದೆ ಕೂತ ಇಬ್ಬರು ಮುದುಕಿಯರಲ್ಲಿ ಹೆಚ್ಚು ಮಾತಾಡಿದವಳು ನಾನು. ಕಡಿಮೆ ಮಾತಾಡಿ ಜೋರಾಗಿ ಮಾತಾಡಿದವಳು ರೇವಮ್ಮ.

ಆ ಹತ್ತು ರೂಪಾಯಿ ನಮ್ಮವ್ವ ಚೆನ್ನಮ್ಮನದು. ಸಾಯುವ ಮುಂಚೆ ಇಬ್ಬರಿಗೂ ಐದೈದು ಕೊಟ್ಟು, ಲಕ್ಷ್ಮಿಯನ್ನು ಕೊಳೆಯಲ್ಲಿ ಇಡಬೇಡಿ ಎಂದಿದ್ದಳು. ಹೇಳಿದ್ದನ್ನು ಕೇಳುವ ಮಗಳು ನಾನು. ನಲವತ್ತು ವರ್ಷ, ಒಂದು ವರ್ಷವೂ ತಪ್ಪದೆ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಹುಣಸೆಹಣ್ಣು, ಒಲೆಯ ಬೂದಿ ಹಾಕಿ, ಒಲೆ ಹೋಗಿ ಗ್ಯಾಸ್ ಬಂದ ಮೇಲೆ ಹಲ್ಲುಪುಡಿ ಹಾಕಿ, ಕೈ ಬೆರಳು ಸುಕ್ಕಾಗುವವರೆಗೆ ಆ ಐದನ್ನೂ ಉಜ್ಜಿ, ಕಳಶದ ಮುಂದೆ ಸಾಲಾಗಿ ಇಟ್ಟಿದ್ದೇನೆ. ಹಬ್ಬಕ್ಕೆ ಬಂದವರು ದೇವರನ್ನು ಬಿಟ್ಟು ನನ್ನ ರೂಪಾಯಿಯನ್ನೇ ನೋಡುತ್ತಿದ್ದರು. ರೇವಮ್ಮ ತನ್ನ ಐದನ್ನು ಬಟ್ಟೆ ಚೀಲಕ್ಕೆ ಹಾಕಿ, ಚೀಲವನ್ನು ರಾಗಿ ಗುಡಾಣದ ತಳಕ್ಕೆ ಹಾಕಿ ಮರೆತಳು. ಅವು ಹಂಚಿನ ತಳದಂತೆ ಕಪ್ಪಾದವು. "ಏನ್ಲೇ ರೇವಿ, ಲಕ್ಷ್ಮಿ ಮುಖಕ್ಕೆ ಮಸಿ ಬಳ್ದಿದೀಯಲ್ಲೇ" ಎಂದು ನಾನು ವರ್ಷಕ್ಕೊಂದು ಸಲವಾದರೂ ಅಂದಿದ್ದೇನೆ. ಮೊದಮೊದಲು ಅವಳು ಸಿಟ್ಟಾಗುತ್ತಿದ್ದಳು. ಕಿವಿ ಮಂದವಾದ ಮೇಲೆ ನಗುತ್ತಿದ್ದಳು.

ಈ ವರ್ಷ ಕಿವಿಗೆ ಮೆಷಿನ್ ಹಾಕಿಸಿಕೊಳ್ಳಬೇಕು, ಆ ರೂಪಾಯಿಗಳನ್ನು ಮಾರಿಬಿಡೋಣ ಎಂದು ಅವಳೇ ಕಾಗದ ಬರೆದಳು. ಫೋನಿನಲ್ಲಿ ಕೂಗಿದರೆ ನಮ್ಮ ಬೀದಿಗೆಲ್ಲ ಕೇಳಿಸುತ್ತದೆ, ಅವಳಿಗೊಬ್ಬಳಿಗೆ ಕೇಳಿಸುವುದಿಲ್ಲವಾದ್ದರಿಂದ ನಮ್ಮಿಬ್ಬರದು ಈಗಲೂ ಕಾಗದದ ವ್ಯವಹಾರ. ನನ್ನ ಐದನ್ನೂ ಬೆಲೆ ಕೇಳಿ ನೋಡೋಣವೆಂದು ಗಂಟು ಕಟ್ಟಿಕೊಂಡು, ಪ್ರದರ್ಶನದ ಹಿಂದಿನ ದಿನ ಕುಣಿಗಲ್‌ಗೆ ಹೋದೆ. ಮಧ್ಯಾಹ್ನ ಅವಳು ಉಂಡು ಮಲಗಿದ್ದಳು. ಚೀಲ ಗೂಟದಲ್ಲಿ ನೇತಾಡುತ್ತಿತ್ತು. ನಾಳೆ ತುಮಕೂರಿನ ಹತ್ತು ಜನರ ಮುಂದೆ ನಮ್ಮವ್ವನ ರೂಪಾಯಿ ಮಸಿ ಬಟ್ಟೆಯಂತೆ ಹೊರಬಂದರೆ ಮಾನ ಯಾರದು ಹೋಗಬೇಕು? ಅಡುಗೆಮನೆಗೆ ಹೋಗಿ ಹುಣಸೆಹಣ್ಣು ನೆನೆಹಾಕಿದೆ. ಚೀಲ ಕೊಡವಿದರೆ ನಾಲ್ಕೇ ಬಿದ್ದವು. ಐದನೆಯದನ್ನು ಈ ಸೋಮಾರಿ ಎಲ್ಲೋ ಕಳೆದಿದ್ದಾಳೆ ಎಂದು ಬೈದುಕೊಂಡು ಆ ನಾಲ್ಕನ್ನು, ನನ್ನ ಐದಕ್ಕಿಂತ ಹೆಚ್ಚು ಪ್ರೀತಿಯಿಂದ, ಒಂದು ಗಂಟೆ ಉಜ್ಜಿದೆ. ಒಂದರ ಹಿಂಬದಿಯಲ್ಲಿ ಕೊರೆದ ಹೂವಿನ ಹತ್ತಿರ ಸಾಸಿವೆ ಕಾಳಿಗಿಂತ ಸಣ್ಣದೊಂದು ಗಂಟಿತ್ತು. ಕೊಳೆ ಅಂಟಿದೆ ಅಂದುಕೊಂಡು ಬಳೆಗೆ ಸಿಕ್ಕಿಸಿದ್ದ ಸೇಫ್ಟಿ ಪಿನ್ ತೆಗೆದು ಕೆರೆದು ಹಾಕಿದೆ. ಎದ್ದು ಬಂದ ರೇವಮ್ಮ ಆ ಹೊಳಪು ನೋಡಿ ಕಣ್ಣಲ್ಲಿ ನೀರು ತಂದುಕೊಂಡಳು. ಸಂಜೆಗೆ ಒಬ್ಬಟ್ಟು ಮಾಡಿದಳು. ನಾನು ಮೂರು ತಿಂದೆ.

ಮಾನ್ಯರೇ, ಮಾರನೆಯ ದಿನ ತಾವು ನಡೆಸಿಕೊಟ್ಟ ವಿಚಾರಣೆಯನ್ನು ನಾನು ಹೇಗೆ ಹೊಗಳಲಿ! ಅಂಜನಮೂರ್ತಿಯವರು ತಮ್ಮನ್ನು ಕಣ್ಣಿಗೆ ಏರಿಸಿಕೊಂಡು ಒಂದೊಂದನ್ನೇ ನೋಡಿ, "ಅಮ್ಮಾ, ಇವನ್ನ ಉಜ್ಜಿದ್ದು ಯಾರು?" ಅಂದರು. ಬಹುಮಾನ ಕೊಡುತ್ತಾರೆಂದು ತಿಳಿದು "ಒಂಬತ್ತನ್ನೂ ನಾನೇ ಕಣಪ್ಪ" ಅಂದೆ. "ಕೈ ಮುಗಿದು ಕೇಳ್ಕತೀನಿ, ಇನ್ನೊಂದ್ಸಲ ಉಜ್ಜಬ್ಯಾಡಿ. ಇವಕ್ಕೀಗ ಬರೀ ಬೆಳ್ಳಿ ತೂಕದ ಬೆಲೆ" ಅಂದು ಒಂಬತ್ತನ್ನೂ ತಕ್ಕಡಿಯವರ ತಲೆಯ ಮೇಲೆ ಇಟ್ಟರು.

ಆಮೇಲೆ ಅವರು ಹೇಳಿಕೊಟ್ಟ ಪಾಠದಿಂದ ನನ್ನ ಎಪ್ಪತ್ತಾರು ವರ್ಷದ ತಿಳಿವಳಿಕೆಯೆಲ್ಲ ತಲೆಕೆಳಗಾಯಿತು. ಹಳೆಯದಾದಷ್ಟೂ ಬೆಲೆ ಎಂದು ನಾನು ನಂಬಿದ್ದೆ. ಹಾಗೇನೂ ಇಲ್ಲವಂತೆ, ಟಂಕಸಾಲೆಯಲ್ಲಿ ಕೋಟಿಗಟ್ಟಲೆ ಹೊಡೆದ ವರ್ಷದ್ದಾದರೆ ನೂರು ವರ್ಷವಾದರೂ ಕೇಳುವವರಿಲ್ಲವಂತೆ. ಇದನ್ನು ಕೇಳಿ ನನ್ನ ಬಗ್ಗೆಯೇ ಸ್ವಲ್ಪ ಯೋಚನೆಯಾಯಿತು. ಕಡಿಮೆ ಹೊಡೆದ ವರ್ಷ ಬೇಕು, ಯಾವ ಊರಿನಲ್ಲಿ ಹೊಡೆದದ್ದೆಂದು ಗೊತ್ತಾಗಬೇಕು, ಅಕ್ಷರದ ಅಂಚು, ರಾಜರ ಮೀಸೆ ಸವೆದಿರಬಾರದು, ಸರಕ್ಕೆ ಪೋಣಿಸಲು ತೂತು ಹಾಕಿರಬಾರದು. ಎಲ್ಲಕ್ಕಿಂತ ಮೇಲಾಗಿ, ಕಾಲವೇ ಬಳಿದ ಆ ಕಪ್ಪನ್ನು ಯಾರೂ ಮುಟ್ಟಿರಬಾರದು. ನಾನು ಪಿನ್ನಿನಲ್ಲಿ ಕೆರೆದ ಕೊಳೆಯೇ ಟಂಕಸಾಲೆಯ ಗುರುತಿನ ಚುಕ್ಕಿಯಂತೆ. ಇನ್ನೊಂದು ರೂಪಾಯಿ ಸಾವಿರದ ಒಂಬೈನೂರ ಹನ್ನೊಂದನೇ ಇಸವಿಯದಂತೆ. ಆ ವರ್ಷ ರಾಜರ ನಿಲುವಂಗಿಯ ಮೇಲಿನ ಆನೆ ಸೊಂಡಿಲು ಗಿಡ್ಡವಾಗಿ ಹಂದಿಯ ಹಾಗೆ ಕಂಡು ಗಲಾಟೆಯಾಗಿ, ಮುಂದಿನ ವರ್ಷ ತಿದ್ದಿದರಂತೆ. ಹಾಗಾಗಿ ಆ ಹಂದಿಗೇ ಗಿರಾಕಿಗಳು ಹೆಚ್ಚಂತೆ. ನನ್ನ ಕೈಗೆ ಸಿಕ್ಕ ಮೇಲೆ ಅದು ಆನೆಯೂ ಅಲ್ಲ, ಹಂದಿಯೂ ಅಲ್ಲ, ನೆನೆದ ಅವರೆಕಾಳು.

ಅಷ್ಟರಲ್ಲಿ ರೇವಮ್ಮ ಖಾಲಿ ಚೀಲವನ್ನು ಮಡಿಸುತ್ತಾ ಹೊಲಿಗೆಯೊಳಗೆ ಏನೋ ಗಟ್ಟಿಯಾಗಿ ಸಿಕ್ಕಿಕೊಂಡಿರುವುದನ್ನು ಕಂಡು ಕಿತ್ತು ತೆಗೆದಳು. ಐದನೆಯದು! ಕಪ್ಪಗೆ, ಹೊಲಸಾಗಿ, ರಾಗಿ ಹೊಟ್ಟು ಮೆತ್ತಿಕೊಂಡು. ನಾನು ನಾಚಿಕೆಯಿಂದ ಸೆರಗಿನಲ್ಲಿ ಒರೆಸಲು ಕೈಚಾಚಿದರೆ ಅಂಜನಮೂರ್ತಿಯವರು "ಮುಟ್ಬ್ಯಾಡ್ರಮ್ಮ!" ಎಂದು ಕೂಗಿದ ಕೂಗಿಗೆ ಊಟದ ಹಾಲ್‌ನಲ್ಲಿದ್ದವರು ಎದ್ದು ನಿಂತರು. ತಾವು ಅದನ್ನು ಎಷ್ಟು ಹೊತ್ತು ನೋಡಿದಿರಿ, ಎಷ್ಟು ಅಕ್ಕರೆಯಿಂದ ನೋಡಿದಿರಿ! ನಮ್ಮೆಜಮಾನರು ಹೆಣ್ಣು ನೋಡಲು ಬಂದಾಗ ನನ್ನನ್ನು ಅದರ ಕಾಲು ಭಾಗವೂ ನೋಡಲಿಲ್ಲ. ಅಂಜನಮೂರ್ತಿಯವರು ಆ ಕೊಳಕು ರೂಪಾಯಿಗೆ ಕೊಟ್ಟ ಬೆಲೆ ಒಂದು ಕಿವಿಯ ಮೆಷಿನ್ನಿಗೆ ಸರಿಹೋಯಿತು. "ಮಿಕ್ಕ ನಾಲ್ಕೂ ಹಿಂಗೇ ಇದ್ದಿದ್ರೆ ಎರಡು ಕಿವಿಗೂ ಆಗಿ ಮಿಗ್ತಿತ್ತು ಬುಡಿ" ಎಂದೂ ಸೇರಿಸಿದರು.

ರೇವಮ್ಮ ನನ್ನ ಮುಖ ನೋಡಿ "ಏನಂದ್ನಕ್ಕ ಅವ್ನು?" ಅಂದಳು.

ನಾನು ಅವಳ ಕಿವಿಗೆ ಬಾಯಿಟ್ಟು "ಚೆಂದಾಗವೆ ಅಂದ ಕಣೇ" ಎಂದು ಕೂಗಿದೆ.

"ನೀನು ತೊಳ್ದು ಕೊಟ್ಟಿದ್ಕೇ ಕಣಕ್ಕ ಇಷ್ಟಾದ್ರೂ ಬಂದಿದ್ದು" ಎಂದು ಅವಳು ಮಂಟಪಕ್ಕೆಲ್ಲ ಕೇಳುವಂತೆ ಹೇಳಿ, ಬಸ್‌ ಸ್ಟ್ಯಾಂಡಿನ ಎದುರು ನನಗೆ ಮಸಾಲೆ ದೋಸೆ ಕೊಡಿಸಿದಳು. ಜೊತೆಗಿದ್ದ ನಂದಿತಾ ಎಲ್ಲವನ್ನೂ ಕೇಳಿಸಿಕೊಂಡಿದ್ದವಳು, ದೋಸೆ ಮುಟ್ಟದೆ ನನ್ನನ್ನೇ ನೋಡುತ್ತಿದ್ದಳು. "ಹೇಳ್ಬಿಡಜ್ಜಿ" ಅಂದಳು. ನಾನು ಚಟ್ನಿ ಕೇಳಿದೆ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ಕೆಲವು ವಿನಂತಿಗಳಿವೆ. ತೊಳೆಯದೆ ಬಿಟ್ಟದ್ದಕ್ಕೇ ಬೆಲೆ ಎಂಬ ತಮ್ಮ ನಿಯಮವನ್ನು ಮನುಷ್ಯರಿಗೂ ವಿಸ್ತರಿಸಬೇಕು. ನಮ್ಮ ಬೀದಿಯ ಮಹಾಲಿಂಗಯ್ಯನವರು ಯುಗಾದಿಯಿಂದ ಯುಗಾದಿಗೆ ಮೀಯುವವರು, ಅವರ ಮನೆಯವರು ಎಂಥ ನಿಧಿಯ ಜೊತೆ ಬಾಳುತ್ತಿದ್ದೇವೆಂದು ತಿಳಿಯದೆ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದಾರೆ. ನಲವತ್ತು ಹಬ್ಬದ ಬೆಳಗುವ ಕೂಲಿಯನ್ನು ನಾಣ್ಯದ ಬೆಲೆಗೆ ಸೇರಿಸಲು ತಕ್ಕಡಿಯವರಿಗೆ ಆದೇಶ ಹೊರಡಿಸಬೇಕು. ನಾನು ಕೆರೆದು ಹಾಕಿದ ಚುಕ್ಕಿ ಕುಣಿಗಲ್‌ನ ಬಚ್ಚಲಿನಲ್ಲೇ ಎಲ್ಲೋ ಇದ್ದೀತು, ತಾವು ಒಮ್ಮೆ ಬಗ್ಗಿ ಹುಡುಕಿಕೊಡಬೇಕು. ಇದಾವುದೂ ಆಗದಿದ್ದರೆ, ರೇವಮ್ಮನ ಎದೆಯ ಮೇಲೆ ತಮ್ಮನ್ನು ಹಿಡಿದು, ಅಲ್ಲಿ ಅಕ್ಕನ ಮೇಲಿನ ಪ್ರೀತಿ ಮೂಲ ಸ್ಥಿತಿಯಲ್ಲಿದೆಯೋ ಸವೆದಿದೆಯೋ ನೋಡಿ ಹೇಳಬೇಕು.

ಇನ್ನು ಈ ಪತ್ರವನ್ನು ಜಿಲ್ಲೆಯ ಪತ್ರಿಕೆಗೂ ಕಳಿಸಿರುವುದೇಕೆಂದರೆ, ಕುಣಿಗಲ್‌ನಲ್ಲಿ ಒಬ್ಬಾಕೆ ಆ ಪತ್ರಿಕೆಯನ್ನು ಶ್ರದ್ಧಾಂಜಲಿ ಜಾಹೀರಾತಿನಿಂದ ಹಿಡಿದು ಅಡಿಕೆ ಧಾರಣೆಯವರೆಗೆ ಒಂದಕ್ಷರ ಬಿಡದೆ ಓದುತ್ತಾಳೆ. ಸೋಮವಾರ ಅವಳ ಬಲಗಿವಿಗೆ ಮೆಷಿನ್ ಹಾಕುತ್ತಾರೆ. ಆ ಕಿವಿಗೆ ಮೊಟ್ಟಮೊದಲು ಬೀಳುವ ಮಾತು ಇದಾಗಬಾರದು ಎಂದು ಕಣ್ಣಿಗೆ ಮೊದಲೇ ಬೀಳುವಂತೆ ಬರೆದಿದ್ದೇನೆ. ತಮ್ಮ ದಯೆಯಿಂದ ನನ್ನ ತಂಗಿಗೆ ಒಂದು ಕಿವಿ ಬಂತು. ಇನ್ನೊಂದನ್ನು ನಾನು ಹುಣಸೆಹಣ್ಣು ಹಾಕಿ ತೊಳೆದುಬಿಟ್ಟೆ.

ಎಂದೂ ಸುಮ್ಮನೆ ಕೈಕಟ್ಟಿ ಕೂರಲಾರದ,
ತಮ್ಮ ವಿಶ್ವಾಸಿ
ಶಕುಂತಲಮ್ಮ, ಗುಬ್ಬಿ

ಮರೆತ ಮಾತು: ನಿನ್ನೆ ನಂದಿತಾಳ ಕೈಯಲ್ಲಿ ನನ್ನ ಐದನ್ನೂ ಕಳಿಸಿ ತಕ್ಕಡಿಯವರಿಗೆ ಒಪ್ಪಿಸಿದ್ದೇನೆ, ರೇವಮ್ಮನ ನಾಲ್ಕನ್ನು ಅವತ್ತು ಮಾರದೆ ಅವರ ಹತ್ತಿರವೇ ಬಿಟ್ಟು ಬಂದಿದ್ದೆವಲ್ಲ, ಒಂಬತ್ತೂ ಸೇರಿ ಎಡಗಿವಿಗೆ ಆಗುತ್ತದಂತೆ. ಈ ಹಬ್ಬಕ್ಕೆ ಕಳಶದ ಮುಂದೆ ಇಡಲು ನನ್ನ ಹತ್ತಿರ ಏನೂ ಇಲ್ಲ, ಉಜ್ಜುವುದಕ್ಕೂ ಏನೂ ಇಲ್ಲ. ರೇವೀ, ಎಡಗಿವಿ ನನ್ನದು ಕಣೇ, ನಾನು ಬೈದರೆ ಅದರಲ್ಲೇ ಕೇಳಿಸಿಕೊಳ್ಳಬೇಕು. ನೀನು ಬೈಯುವುದಿದ್ದರೆ ಸೋಮವಾರದವರೆಗೆ ಕಾಯಬೇಡ, ಇವತ್ತೇ ಕೂತು ಒಂದು ಕಾಗದ ಬರೆದು ಹಾಕು.